ದರ್ಜಿಯ ಬಾತುಕೋಳಿ ಬಿಸಿಯಾದಾಗ: ‘ಗೂಸ್’ ಪದದ ಅರ್ಥ ಹಿಡಿಯುವುದು ಹೇಗೆ?

ಅಕ್ಕನ ಮಗಳು ಎಂಟನೇ ಕ್ಲಾಸು. ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ಮಾಡುತ್ತಿದ್ದಳು. ರಜೆಯ ಹೋಂವರ್ಕ್. ನನ್ನ ಹೊಟ್ಟೆಪಾಡು ಅನುವಾದವೇ ಆದ ಕಾರಣ ಸುಮ್ನೆ ಇಣುಕಿ ನೋಡಿದೆ. ‘ದರ್ಜಿಯ ಬಾತುಕೋಳಿ ತುಂಬ ಬಿಸಿಯಾಗಿತ್ತು. ಅವನು ಅದನ್ನು ಎತ್ತಿ ಪ್ಯಾಂಟಿನ ಮೇಲೆ ಒತ್ತಿದ’ ಅಂತ ಬರೆದಿದ್ದಳು.

“ಇದೆಂಥದೇ?” ಅಂದೆ.

“ಡಿಕ್ಷನರಿಯಲ್ಲಿ ಹಾಗೇ ಉಂಟು ಚಿಕ್ಕಮ್ಮ” ಅಂದಳು.

ಅವಳದ್ದು ತಪ್ಪಲ್ಲ. ಡಿಕ್ಷನರಿಯ ಮೊದಲ ಅರ್ಥ ಹಕ್ಕಿಯೇ. ಆದರೆ ದರ್ಜಿಯ ಕೈಯಲ್ಲಿರುವ ‘ಗೂಸ್’ ಅಂದರೆ ಭಾರದ ಇಸ್ತ್ರಿ ಪೆಟ್ಟಿಗೆ. ಅದರ ಹಿಡಿ ಹಕ್ಕಿಯ ಕತ್ತಿನ ಹಾಗೆ ಬಾಗಿರುತ್ತಿತ್ತು, ಅದಕ್ಕೆ ಆ ಹೆಸರು ಬಂತು.

ಆವತ್ತು ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರಿಗೆ, ಸಬ್‌ಟೈಟಲ್ ಬರೆಯುವವರಿಗೆ, ಆನ್‌ಲೈನ್‌ನಲ್ಲಿ ಸಾಮಾನು ತರಿಸುವಾಗ ತಲೆ ಕೆರೆದುಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು. ನನ್ನ ಲೆಕ್ಕ ಇಷ್ಟೇ. ಗೂಸ್ ಅಂತ ಕಂಡ ಕೂಡಲೇ ಹಕ್ಕಿಯನ್ನು ಹಿಡಿಯಲು ಓಡಬೇಡಿ. ಅದರ ಆಚೀಚೆ ಯಾವ ಪದ ಕೂತಿದೆ ಅಂತ ಮೊದಲು ನೋಡಿ.

ಹೆಜ್ಜೆ 1: ಬಹುವಚನ ನೋಡಿ

ತುಂಬ ಸುಲಭದ ಪರೀಕ್ಷೆ ಇದು. ‘ಗೀಸ್’ ಅಂತ ಇದ್ದರೆ ಹಕ್ಕಿಗಳು. ‘ಗೂಸಸ್’ ಅಂತ ಇದ್ದರೆ ದರ್ಜಿಯ ಇಸ್ತ್ರಿ ಪೆಟ್ಟಿಗೆಗಳು ಇರಬಹುದು. ಫುಟ್ ಫೀಟ್ ಆಗುವ ಹಾಗೆ, ಟೂತ್ ಟೀತ್ ಆಗುವ ಹಾಗೆ ಗೂಸ್ ಗೀಸ್ ಆಗುತ್ತದೆ. ಹಳೆಯ ಇಂಗ್ಲಿಷಿನಿಂದ ಉಳಿದುಬಂದ ಪದ್ಧತಿ ಅದು. ಹಾಗಂತ ‘ಮೂಸ್’ ಎಂಬ ದೊಡ್ಡ ಕೊಂಬಿನ ಪ್ರಾಣಿ ‘ಮೀಸ್’ ಆಗುವುದಿಲ್ಲ. ಆ ಪದ ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು, ಇಂಗ್ಲಿಷಿನ ಹಳೆಯ ನಿಯಮ ಅದಕ್ಕೆ ತಾಗುವುದಿಲ್ಲ.

ಇಲ್ಲೇ ಒಬ್ಬ ವೇಷಧಾರಿ ಇದ್ದಾನೆ: ‘ಮಂಗೂಸ್’. ಇದರಲ್ಲಿ ಗೂಸ್ ಇಲ್ಲವೇ ಇಲ್ಲ. ಇದು ನಮ್ಮ ತೋಟದ ಬೇಲಿಯಲ್ಲಿ ಓಡುವ ಮುಂಗುಸಿ! ಮರಾಠಿಯ ‘ಮುಂಗೂಸ’ ಇಂಗ್ಲಿಷಿಗೆ ಹೋಯಿತು. ಕೊನೆಯ ಸದ್ದು ತಮ್ಮ ಹಕ್ಕಿಯ ಹೆಸರಿನ ಹಾಗೆ ಕೇಳಿಸಿದ್ದಕ್ಕೆ ಇಂಗ್ಲಿಷರು ಕಾಗುಣಿತವನ್ನೂ ಹಾಗೇ ಮಾಡಿಕೊಂಡರು. ಅದರ ಬಹುವಚನ ‘ಮಂಗೂಸಸ್’. ‘ಮಂಗೀಸ್’ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ.

ಹೆಜ್ಜೆ 2: ಹಕ್ಕಿಯೇ ಆಗಿದ್ದರೆ, ಯಾವ ಹಕ್ಕಿ?

ಇಂಗ್ಲಿಷಿನಲ್ಲಿ ಡಕ್, ಗೂಸ್, ಸ್ವಾನ್ ಮೂರೂ ಬೇರೆ ಬೇರೆ. ನಾವು ಮಾತಿನಲ್ಲಿ ಎಲ್ಲದಕ್ಕೂ ಬಾತುಕೋಳಿ ಅಂತೇವೆ. ಬರೆಯುವಾಗ ಡಕ್ ಅಂದರೆ ಬಾತು, ಗೂಸ್ ಅಂದರೆ ಹೆಬ್ಬಾತು ಅಂತ ಇಟ್ಟುಕೊಳ್ಳಿ. ಹೆಬ್ಬಾವು, ಹೆಬ್ಬಾಗಿಲು, ನಮ್ಮ ಕರಾವಳಿಯ ಹೆಬ್ಬಲಸು ಇದ್ದ ಹಾಗೆ ಇದೂ ಒಂದು ‘ದೊಡ್ಡ’ ಬಾತು. ಗಂಡಿಗೆ ಇಂಗ್ಲಿಷಿನಲ್ಲಿ ಗ್ಯಾಂಡರ್, ಮರಿಗೆ ಗಾಸ್ಲಿಂಗ್. ನೆಲದ ಮೇಲಿನ ಹಿಂಡು ಗ್ಯಾಗಲ್, ಆಕಾಶದಲ್ಲಿ ಸಾಲುಗಟ್ಟಿದರೆ ಸ್ಕೀನ್. ಕನ್ನಡದಲ್ಲಿ ಇದಕ್ಕೆಲ್ಲ ಹೊಸ ಪದ ಕಟ್ಟುವ ಅಗತ್ಯ ಇಲ್ಲ. ಗಂಡು ಹೆಬ್ಬಾತು, ಮರಿ, ಹಿಂಡು, ಸಾಲು ಅಂದರೆ ಸಾಕು.

ನಮ್ಮ ಕಡೆ ಕೆಲವರ ಮನೆಯಂಗಳದಲ್ಲಿ ಸಾಕಿದ ಹೆಬ್ಬಾತು ಇರುತ್ತದೆ. ಗೇಟು ತೆಗೆದರೆ ಸಾಕು, ಕತ್ತು ಚಾಚಿ ಬುಸುಗುಟ್ಟಿಕೊಂಡು ಮೈಮೇಲೆ ಬರುತ್ತದೆ. ನಾಯಿಗಿಂತ ಅದರ ಗಲಾಟೆಯೇ ಜಾಸ್ತಿ. ಕಾಡು ಹೆಬ್ಬಾತಿನ ದೊಡ್ಡ ಹಿಂಡು ನೋಡಬೇಕಾದರೆ ಮಾತ್ರ ಘಟ್ಟ ಹತ್ತಬೇಕು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ, ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಚಳಿಗಾಲ ಕಳೆಯುತ್ತವೆ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ನೆಲಗಳ ಪಟ್ಟಿಗೂ ಸೇರಿತು. ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಕಂಡರೆ ಅದೇ.

ಇನ್ನು ಹಂಸ. ಈ ಪದದ ಹತ್ತಿರ ಬಂದಾಗ ಸ್ವಲ್ಪ ನಿಧಾನಿಸಿ. ಸಂಸ್ಕೃತದ ಹಂಸ, ಲ್ಯಾಟಿನ್ನಿನ ಆನ್ಸೆರ್, ಜರ್ಮನ್ನಿನ ಗಾನ್ಸ್, ಇಂಗ್ಲಿಷಿನ ಗೂಸ್ ಎಲ್ಲ ಒಂದೇ ಬೇರಿನಿಂದ ಹುಟ್ಟಿದ ಪದಗಳು. ಅಂದರೆ ಪದದ ಮಟ್ಟಿಗೆ ಹಂಸ ಸ್ವಾನ್‌ಗಿಂತ ಗೂಸ್‌ಗೆ ಹತ್ತಿರದ ನೆಂಟ. 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟು ಕೂಡ ಹಂಸಕ್ಕೆ ಮೊದಲು ಕೊಡುವ ಅರ್ಥ ಗೂಸ್, ಸ್ವಾನ್ ಆಮೇಲೆ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲೇ ಅಚ್ಚಾದದ್ದು, ಅಲ್ವಾ? ‘ಹಂಸ’ದ ಅರ್ಥ ಬರೆಯುತ್ತಾ ಕೂತಾಗ ಅವರಿಗೆ ಊರಿನ ‘ಗಾನ್ಸ್’ ನೆನಪಾಗಿತ್ತೋ ಏನೋ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಹಾಗಾದರೆ ಕನ್ನಡದಿಂದ ಇಂಗ್ಲಿಷಿಗೆ ಮಾಡುವಾಗ ಹಂಸವನ್ನು ಗೂಸ್ ಅನ್ನಬಹುದಾ? ಬೇಡ. ಉಡುಪಿಯ ಮಠಗಳ ಗುರುಪರಂಪರೆ ‘ಹಂಸನಾಮಕ ಪರಮಾತ್ಮ’ನಿಂದ ಶುರುವಾಗುತ್ತದೆ. ಆ ಸಾಲಿನಲ್ಲಿ ಗೂಸ್ ಅಂತ ಹಾಕಿದರೆ ಏನಾಗುತ್ತದೆ ಯೋಚಿಸಿ. ಪುರಾಣದ್ದು, ಪೂಜೆಯದ್ದು ಆದರೆ ಹಂಸವನ್ನು ಹಂಸ ಅಂತಲೇ ಬಿಡಿ. ಕೆರೆಯಲ್ಲಿ ಈಜುವುದಾದರೆ ಮಾತ್ರ ಅದು ಯಾವ ಹಕ್ಕಿ ಅಂತ ನೋಡಿ ಬರೆಯಿರಿ.

ಹೆಜ್ಜೆ 3: ವಸ್ತುವಾದರೆ ‘ಆಕಾರವೋ, ಗರಿಯೋ?’ ಕೇಳಿ

ಗೂಸ್ ಅಂಟಿಕೊಂಡ ವಸ್ತುಗಳು ಬಹುಪಾಲು ಎರಡು ಜಾತಿ. ಒಂದೋ ಅದು ಹಕ್ಕಿಯ ಅಂಗದ ಹಾಗೆ ಕಾಣುತ್ತದೆ, ಇಲ್ಲವೋ ಅದರಲ್ಲಿ ನಿಜವಾಗಿಯೂ ಹಕ್ಕಿಯ ಗರಿ ಇರುತ್ತದೆ.

ಆಕಾರದ ವಿಷಯದಲ್ಲಿ ನನ್ನದೇ ಒಂದು ಪಜೀತಿ. ಅಡುಗೆಮನೆಯ ಸಿಂಕಿಗೆ ಎತ್ತರಕ್ಕೆ ಬಾಗಿದ ನಲ್ಲಿ ಬೇಕಿತ್ತು. ಇಂಟರ್ನೆಟ್ಟಿನಲ್ಲಿ ‘ಗೂಸ್‌ನೆಕ್’ ಅಂತ ಓದಿಕೊಂಡು ಮಂಗಳೂರಿಗೆ ಹೋಗಿ ಬಂದರಿನ ಅಂಗಡಿ ಅಂಗಡಿಯಲ್ಲಿ ಅದನ್ನೇ ಕೇಳಿದೆ. ಮೂರು ಕಡೆ ಇಲ್ಲ ಅಂದರು. ನಾಲ್ಕನೆಯ ಕಡೆ ಫೋನಿನಲ್ಲಿ ಚಿತ್ರ ತೋರಿಸಿದೆ. “ಸ್ವಾನ್ ನೆಕ್ಕಾ ಅಕ್ಕ? ಹಾಗೆ ಹೇಳಿ ಮಾರಾಯ್ರೆ” ಅಂದ ಹುಡುಗ, ತಲೆಯ ಮೇಲಿನ ಕಪಾಟಿನಿಂದಲೇ ತೆಗೆದುಕೊಟ್ಟ. ಮೂರು ಅಂಗಡಿಯಲ್ಲೂ ಅದು ಇದ್ದಿರಬೇಕು. ಆದ್ದರಿಂದ ನಲ್ಲಿ ಕೊಳ್ಳುವಾಗ ಹಕ್ಕಿ ಬದಲಿಸಿ ಕೇಳಿ.

ಮೈಕ್, ಮೇಜಿನ ದೀಪ, ಮೊಬೈಲ್ ಹಿಡಿಸುವ ಸ್ಟ್ಯಾಂಡ್ ವಿಷಯದಲ್ಲಿ ಗೂಸ್‌ನೆಕ್ ಅಂದರೆ ಬೇಕಾದ ಕಡೆ ಬಗ್ಗಿಸಿ ನಿಲ್ಲಿಸಬಹುದಾದ ಕತ್ತು. ಹಡಗಿನಲ್ಲಿ ಕೆಲಸ ಮಾಡುವವರು ನಮ್ಮ ಊರಲ್ಲಿ ಎಷ್ಟು ಮಂದಿ ಇಲ್ಲ! ಅವರನ್ನು ಕೇಳಿದರೆ ಬೇರೆ ಅರ್ಥ ಹೇಳುತ್ತಾರೆ. ಡೆಕ್ಕಿನ ಮೇಲೆ ಕೊಡೆಯ ಹಿಡಿಯ ಹಾಗೆ ಕೆಳಗೆ ಬಾಗಿದ ಗಾಳಿ ಕೊಳವೆಯೂ ಗೂಸ್‌ನೆಕ್ಕೇ. ಮಳೆನೀರು, ಅಲೆಯ ನೀರು ಸುಲಭವಾಗಿ ಒಳಗೆ ಇಳಿಯಬಾರದು ಅಂತ ಹಾಗೆ ಬಾಗಿಸುವುದು. ಕನ್ನಡದಲ್ಲಿ ‘ಬಾಗಿದ ಕೊಳವೆ’, ‘ಬಗ್ಗುವ ಕತ್ತಿನ ದೀಪ’ ಅಂದರೆ ಯಾರಿಗೂ ಅರ್ಥವಾಗುತ್ತದೆ.

‘ಗೂಸ್‌ಫುಟ್’ ಅಂದರೆ ಸೊಪ್ಪಿನ ಜಾತಿಯ ಗಿಡಗಳು. ಎಲೆ ಹೆಬ್ಬಾತಿನ ಪಾದದ ಹಾಗೆ. ಸೂಪರ್ ಮಾರ್ಕೆಟ್ಟಿನಲ್ಲಿ ದುಬಾರಿಗೆ ಸಿಗುವ ಕಿನೋವಾ ಇದೇ ಗುಂಪಿನದ್ದು. ‘ಗೂಸ್ ಸ್ಟೆಪ್’ ಅಂದರೆ ಮಂಡಿ ಮಡಚದೆ ಕಾಲನ್ನು ನೇರ ಮೇಲೆತ್ತಿ ಹಾಕುವ ಸೈನಿಕರ ನಡಿಗೆ.

‘ಗೂಸ್ ಬಾರ್ನಕಲ್’ ಸಿಕ್ಕಿದರೆ ಅದು ಕಡಲಿನದ್ದು. ತೇಲುವ ಮರದ ತುಂಡಿಗೆ ಉದ್ದ ಕತ್ತಿನಿಂದ ಅಂಟಿಕೊಂಡು ಬೆಳೆಯುವ, ಚಿಪ್ಪಿರುವ ಜೀವಿ. ಚಿಪ್ಪು ಕಂಡು ಮರುವಾಯಿಯ ಬಳಗ ಅಂದುಕೊಳ್ಳಬೇಡಿ, ಸಿಗಡಿ ಏಡಿಗಳ ಕಡೆಯದ್ದು. ಹಿಂದೆ ಯುರೋಪಿನಲ್ಲಿ ಒಂದು ಜಾತಿಯ ಹೆಬ್ಬಾತು ಈ ಚಿಪ್ಪಿನಿಂದಲೇ ಹುಟ್ಟುತ್ತದೆ ಅಂತ ನಂಬಿದ್ದರು. ಹಾಗಾಗಿ ಅದು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ ಅಂತ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲೂ ಕೆಲವರು ತಿನ್ನುತ್ತಿದ್ದರಂತೆ. ಹೊಟ್ಟೆಗೆ ದಾರಿ ಹುಡುಕುವುದರಲ್ಲಿ ಮನುಷ್ಯ ಎಲ್ಲ ಕಡೆಯೂ ಒಂದೇ.

ಈಗ ಗರಿ. ಬ್ಯಾಡ್ಮಿಂಟನ್ ಆಡುವವರು ಶಟಲ್ ಡಬ್ಬದ ಮೇಲೆ ‘ಗೂಸ್ ಫೆದರ್’, ‘ಡಕ್ ಫೆದರ್’ ಅಂತ ಓದಿರುತ್ತೀರಿ. ಇಲ್ಲಿ ಗೂಸ್ ನಿಜವಾದ ಗೂಸ್. ನಿಯಮದ ಪ್ರಕಾರ ಗರಿಯ ಶಟಲಿನಲ್ಲಿ 16 ಗರಿ ಇರಬೇಕು, ತೂಕ 4.74ರಿಂದ 5.50 ಗ್ರಾಂ. ಸಾಮಾನ್ಯವಾಗಿ ಹೆಬ್ಬಾತಿನ ಗರಿಯದ್ದಕ್ಕೆ ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಕುಂದಾಪುರದ ಹತ್ತಿರದ ಪಡುಕೋಣೆಯ ಹೆಸರು ಹೊತ್ತ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದೂ ಗರಿಯ ಶಟಲಿನಲ್ಲೇ. ಸಂಜೆ ಸುಮ್ನೆ ಅಂಗಳದಲ್ಲಿ ಮಕ್ಕಳೊಟ್ಟಿಗೆ ಆಡುವುದಾದರೆ ನೈಲಾನ್ ಸಾಕು. ನಮ್ಮ ಕಡಲ ಗಾಳಿಗೆ ಗರಿಯದ್ದು ಎಲ್ಲೆಲ್ಲಿಗೋ ಹೋಗುತ್ತದೆ.

ಮಗ, ಮಗಳು ಕೆನಡಾದಲ್ಲಿದ್ದರೆ ‘ಗೂಸ್ ಡೌನ್’ ಜಾಕೆಟ್ಟಿನ ಸುದ್ದಿ ಕೇಳಿರುತ್ತೀರಿ. ಇಲ್ಲಿ ಡೌನ್ ಅಂದರೆ ‘ಕೆಳಗೆ’ ಅಲ್ಲ. ದೊಡ್ಡ ಗರಿಗಳ ಅಡಿಯಲ್ಲಿ, ಮೈಗೆ ಅಂಟಿಕೊಂಡ ಹಾಗೆ ಬೆಳೆಯುವ ಮೆತ್ತನೆಯ ತುಪ್ಪಳ. ಅದರೊಳಗೆ ಗಾಳಿ ಸಿಕ್ಕಿಕೊಂಡು ಬೆಚ್ಚಗಾಗುತ್ತದೆ.

ಹೆಜ್ಜೆ 4: ಮೈಯ ಮೇಲಾದರೆ ಕಾರಣ ಕೇಳಿ

‘ಗೂಸ್‌ಬಂಪ್ಸ್’ ಅಂತ ಈಗ ಕನ್ನಡ ಮಾತಾಡುವ ಮಕ್ಕಳೂ ಹೇಳುತ್ತಾರೆ. ಗರಿ ಕಿತ್ತ ಹೆಬ್ಬಾತಿನ ಚರ್ಮದ ಮೇಲೆ ಸಣ್ಣ ಸಣ್ಣ ಉಬ್ಬು ಇರುತ್ತದೆ, ಅದೇ ಹೋಲಿಕೆ. ಜರ್ಮನ್ನರೂ ಹೆಬ್ಬಾತನ್ನೇ ನೆನೆಯುತ್ತಾರೆ, ಫ್ರೆಂಚರಿಗೆ ಮಾತ್ರ ಕೋಳಿ ಕಾಣಿಸುತ್ತದೆ. ನಡೆಯುವುದು ಎಲ್ಲರ ಮೈಯಲ್ಲೂ ಒಂದೇ. ಕೂದಲಿನ ಬುಡದ ಸಣ್ಣ ಸ್ನಾಯು ಬಿಗಿಯಾಗಿ ಕೂದಲು ನಿಲ್ಲುತ್ತದೆ.

ಕನ್ನಡಕ್ಕೆ ತರುವಾಗ ಇಂಗ್ಲಿಷಿನ ಒಂದು ಪದಕ್ಕೆ ಒಂದೇ ಪದ ಇಡಬೇಡಿ. ನಮ್ಮಲ್ಲಿ ಸಂದರ್ಭಕ್ಕೊಂದು ಮಾತಿದೆ. ರಾತ್ರಿ ಬಯಲಾಟದಲ್ಲಿ ಚೆಂಡೆಯ ಪೆಟ್ಟು ಏರಿ ವೇಷ ರಂಗಕ್ಕೆ ನುಗ್ಗಿದರೆ ಮೈ ನವಿರೇಳುತ್ತದೆ. ನವಿರು ಅಂದರೆ ಕೂದಲೇ, ನೋಡಿ ಎಷ್ಟು ಸರಿಯಾದ ಪದ! ಕತ್ತಲಲ್ಲಿ ಕಾಲಿಗೆ ತಣ್ಣಗೆ ಏನೋ ತಾಗಿದರೆ ಮೈ ಜುಮ್ಮೆನ್ನುತ್ತದೆ. ಚಳಿಯಾದರೆ ಮೈ ಮುಳ್ಳೇಳುತ್ತದೆ. ‘ರೋಮಾಂಚನ’ ಪುಸ್ತಕದ ಪದ, ಸಂತೋಷಕ್ಕೆ ಹೊಂದುತ್ತದೆ. ಹೆದರಿದವನಿಗೆ ರೋಮಾಂಚನವಾಯಿತು ಅಂತ ಬರೆದರೆ ಅವನಿಗೆ ಖುಷಿಯಾಯಿತು ಅಂತ ಓದುಗರು ತಿಳಿದುಕೊಳ್ಳುತ್ತಾರೆ.

ಹೆಜ್ಜೆ 5: ‘ಬೆರಿ’ ಸೇರಿದ್ದರೆ ಅಡುಗೆಮನೆಗೆ ಹೋಗಬೇಡಿ, ಮೊದಲು ಚಿತ್ರ ನೋಡಿ

ಇಲ್ಲಿ ನಾನು ಸರಿಯಾಗಿ ಬಿದ್ದಿದ್ದೇನೆ. ಒಂದು ಪತ್ರಿಕೆಗೆ ಇಂಗ್ಲಿಷ್ ಅಡುಗೆಯ ಪುಟ ಅನುವಾದ ಮಾಡಿಕೊಡುವಾಗ ಗೂಸ್‌ಬೆರಿ ಜಾಮ್ ಅಂತಿದ್ದದ್ದನ್ನು ನೆಲ್ಲಿಕಾಯಿ ಜಾಮ್ ಅಂತ ಬರೆದೆ. ಹಣ್ಣನ್ನು ಇಡಿಯಾಗಿ ಸಕ್ಕರೆಯೊಟ್ಟಿಗೆ ಬೇಯಿಸಿ ಅಂತ ಮೂಲದಲ್ಲಿತ್ತು. ಓದಿ ಮಾಡಿದ ನಮ್ಮ ನೆರೆಮನೆಯ ಅಕ್ಕ ಪಾತ್ರೆ ಸಮೇತ ಬಂದು ತೋರಿಸಿದರು. ಗಟ್ಟಿ ಬೀಜ, ಒಗರು, ಕೆಳಗೆ ಅಂಟಿದ ಪಾಕ. ಇಂಗ್ಲೆಂಡಿನ ಗೂಸ್‌ಬೆರಿ ಚಳಿ ಊರಿನ ಮುಳ್ಳುಪೊದೆಯಲ್ಲಿ ಬಿಡುವ ರಸದ ಹಣ್ಣು. ಮೈಮೇಲೆ ಗೆರೆ ಇರುವುದು ಬಿಟ್ಟರೆ ನಮ್ಮ ನೆಲ್ಲಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಹಾಗಾಗಿ ಮುಂದೆ ಯಾವ ಪದ ಇದೆ ನೋಡಿ. ‘ಇಂಡಿಯನ್ ಗೂಸ್‌ಬೆರಿ’ ಅಂದರೆ ಬೆಟ್ಟದ ನೆಲ್ಲಿ, ತುಳಸಿ ಪೂಜೆಯ ದಿನ ಕಟ್ಟೆಯಲ್ಲಿ ನಾವು ಗೆಲ್ಲು ನೆಡುತ್ತೇವಲ್ಲ, ಅದು. ‘ಸ್ಟಾರ್ ಗೂಸ್‌ಬೆರಿ’ ಅಂದರೆ ಕೊಂಬೆಗೆ ಗೊಂಚಲಾಗಿ ಅಂಟಿಕೊಂಡು ಬಿಡುವ, ಏಣು ಏಣಾದ ಹುಳಿ ರಾಜನೆಲ್ಲಿ. ‘ಕೇಪ್ ಗೂಸ್‌ಬೆರಿ’ ಅಂದರೆ ಕಾಗದದಂಥ ಸಿಪ್ಪೆಯೊಳಗಿನ ಕಿತ್ತಳೆ ಬಣ್ಣದ ಸಣ್ಣ ಹಣ್ಣು. ಹಣ್ಣಿನ ಅಂಗಡಿಯಲ್ಲಿ ರಸಭರಿ ಅಂತಾರೆ, ಟೊಮೆಟೊ ಕುಟುಂಬದ್ದು. ಹಳೆಯ ಪುಸ್ತಕದಲ್ಲಿ ‘ಚೈನೀಸ್ ಗೂಸ್‌ಬೆರಿ’ ಅಂತ ಸಿಕ್ಕಿದರೆ ಹೆದರಬೇಡಿ, ಅದು ಕಿವಿ ಹಣ್ಣು. 1959ರಲ್ಲಿ ನ್ಯೂಜಿಲೆಂಡಿನ ವ್ಯಾಪಾರಿಗಳು ರಫ್ತಿಗಾಗಿ ಕಿವಿ ಅಂತ ಹೆಸರು ಬದಲಿಸಿದರು. ಒಂದು ಹಕ್ಕಿ ಹೋಗಿ ಇನ್ನೊಂದು ಹಕ್ಕಿ ಬಂತು, ಅಷ್ಟೇ.

ಇನ್ನು ಮನುಷ್ಯರೂ ಗೂಸ್‌ಬೆರಿ ಆಗುತ್ತಾರೆ. ಹೊಸ ಜೋಡಿ ಮಲ್ಪೆ ಬೀಚಿಗೆ ಹೊರಟಾಗ ಐಸ್‌ಕ್ರೀಮಿನ ಆಸೆಗೆ ಜೊತೆಗೆ ಹೊರಡುವ ಮೂರನೆಯವನಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಕನ್ನಡದಲ್ಲಿ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತೇವೆ. ಆದರೆ ಒಂದು ವ್ಯತ್ಯಾಸ ಇದೆ. ಕರಡಿ ನಡುವೆ ನುಗ್ಗಿ ಕೆಡಿಸುತ್ತದೆ. ಗೂಸ್‌ಬೆರಿ ಪಾಪ, ಸುಮ್ನೆ ಪಕ್ಕದಲ್ಲಿ ಕೂತಿರುತ್ತದೆ. ಅಂಥ ಕಡೆ ‘ಅವರಿಬ್ಬರ ಮಧ್ಯೆ ನಾನ್ಯಾಕೆ?’ ಅನ್ನುವ ಸಾದಾ ಮಾತೇ ಚೆನ್ನ.

ಹೆಜ್ಜೆ 6: ಗಾದೆ, ನುಡಿಗಟ್ಟಾದರೆ ಹಕ್ಕಿಯನ್ನು ಬಿಟ್ಟುಬಿಡಿ

‘ವೈಲ್ಡ್ ಗೂಸ್ ಚೇಸ್’ ಅಂದರೆ ಸಿಗದ್ದರ ಹಿಂದೆ ಅಲೆಯುವುದು. ನಲ್ಲಿಗಾಗಿ ನಾನು ಬಂದರಿನಲ್ಲಿ ಅಲೆದೆನಲ್ಲ, ಹಾಗೆ. ಕನ್ನಡದಲ್ಲಿ ಬಿಸಿಲ್ಗುದುರೆ ಬೆನ್ನುಹತ್ತುವುದು ಅಂತೇವೆ. ಇದರಲ್ಲಿ ತಮಾಷೆ ಏನೆಂದರೆ, ಇಂಗ್ಲಿಷಿನ ಈ ಮಾತೂ ಮೊದಲು ಕುದುರೆಯದ್ದೇ. 16ನೇ ಶತಮಾನದಲ್ಲಿ ಅದೊಂದು ಕುದುರೆ ಓಟದ ಹೆಸರು. ಮುಂದಿನ ಸವಾರ ಹೋದ ದಾರಿಯಲ್ಲೇ ಉಳಿದವರು ಹಿಂಬಾಲಿಸಬೇಕಿತ್ತು, ಹಾರುವ ಹೆಬ್ಬಾತುಗಳ ಸಾಲಿನ ಹಾಗೆ.

‘ಗೂಸಿಗೂ ಗ್ಯಾಂಡರಿಗೂ ಒಂದೇ ಸಾಸ್’ ಅನ್ನುವ ಗಾದೆಗೆ ಕೆಲವರು ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಅಂತ ಹಾಕುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನಮ್ಮ ಗಾದೆ ಸರದಿಯ ಮಾತು, ಅವರದ್ದು ಸಮನಾದ ನ್ಯಾಯದ ಮಾತು. ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಬೇಡ’ ಅಂದರೆ ಸರಿಹೋಗುತ್ತದೆ. ಹೆಬ್ಬಾತಿಗೆ ‘ಬೂ’ ಅನ್ನಲೂ ಹೆದರುವವನು ನಮ್ಮಲ್ಲಿ ಬಾಯಿಗೆ ಬೆರಳಿಟ್ಟರೂ ಕಚ್ಚದವನು. ‘ಸಿಲ್ಲಿ ಗೂಸ್’ ಅಂತ ಅಮ್ಮ ಮಗುವಿಗೆ ಅಂದರೆ ಅದು ಮುದ್ದಿನ ಬೈಗುಳ. ಪೆದ್ದು, ಮಂಕೆ ಅನ್ನಿ. ನಮ್ಮೂರಲ್ಲಾದರೆ ‘ಮಂಡೆ ಸಮ ಉಂಟಾ ನಿಂಗೆ?’ ಅಂತಲೂ ಕೇಳಬಹುದು, ದನಿ ಮೆತ್ತಗಿದ್ದರೆ. ಚಿನ್ನದ ಮೊಟ್ಟೆ ಇಡುವ ಗೂಸ್ ನಮ್ಮ ಮಕ್ಕಳ ಕಥೆಯಲ್ಲಿ ಬಹಳ ಹಿಂದೆಯೇ ಕೋಳಿಯಾಗಿದೆ, ಅದನ್ನು ತಿದ್ದಲು ಹೋಗಬೇಡಿ. ‘ಡಕ್ ಡಕ್ ಗೂಸ್’ ಮಕ್ಕಳು ವೃತ್ತವಾಗಿ ಕೂತು ಆಡುವ ಆಟ, ನಮ್ಮ ಟೋಪಿ ಆಟಕ್ಕೆ ಹತ್ತಿರ.

‘ಗೂಸ್ ಎಗ್’ ಎರಡು ಕಡೆ ಸಿಗುತ್ತದೆ. ಅಮೆರಿಕದವರ ಆಟದಲ್ಲಿ ಅದು ಸೊನ್ನೆ, ಕ್ರಿಕೆಟ್ಟಿನ ಡಕ್ ಇದ್ದ ಹಾಗೆ. ಎರಡಕ್ಕೂ ಮೊಟ್ಟೆಯ ಆಕಾರವೇ ಕಾರಣ. ಇನ್ನೊಂದು, ತಲೆಗೆ ಪೆಟ್ಟುಬಿದ್ದು ಬರುವ ಊತ. ಆಗ ‘ಹಣೆ ಬಾತಿದೆ’ ಅನ್ನಿ. ಬಾತು ತಾನಾಗಿಯೇ ಒಳಗೆ ಬಂತು!

ಹೆಜ್ಜೆ 7: ಕ್ರಿಯಾಪದವಾದರೆ ಜಾಗ್ರತೆ

‘ಟು ಗೂಸ್’ ಅಂದರೆ ಒಬ್ಬರ ಹಿಂಬದಿಗೆ ಚಿವುಟುವುದು, ತಿವಿಯುವುದು. ಸಿನಿಮಾದಲ್ಲಿ ನಗೆಗೆ ಬಳಸಿದರೂ ಅಸಭ್ಯವೇ, ಆಫೀಸಿನಲ್ಲಿ ಆ ಪದ ಬೇಡ. ವ್ಯಾಪಾರದ ಸುದ್ದಿಯಲ್ಲಿ ಮಾರಾಟವನ್ನು ‘ಗೂಸ್’ ಮಾಡಿದರು ಅಂತಿದ್ದರೆ, ಬೇಗ ಏರಲಿ ಅಂತ ಹಿಂದಿನಿಂದ ನೂಕಿದರು ಅಂತ ಅರ್ಥ.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕನ ಮಗಳು ಬಾತುಕೋಳಿಯನ್ನು ಹೊಡೆದುಹಾಕಿ ‘ದರ್ಜಿಯ ಇಸ್ತ್ರಿ ಪೆಟ್ಟಿಗೆ ಚೆನ್ನಾಗಿ ಕಾದಿತ್ತು’ ಅಂತ ಬರೆದಳು. ಮುಂದಿನ ಸಾಲಿನಲ್ಲಿ ಪ್ಯಾಂಟು ಸುಟ್ಟು ತೂತಾಗುತ್ತದೆ, ಬಾಗಿಲಲ್ಲಿ ಗಿರಾಕಿ ಬಂದು ನಿಲ್ಲುತ್ತಾನೆ. ಆಗ ‘ಅವನ ಗೂಸ್ ಬೆಂದಿತು’ ಅಂತ ಇಂಗ್ಲಿಷಿನಲ್ಲಿತ್ತು.

ಪೆನ್ಸಿಲ್ ಕಚ್ಚುತ್ತಾ ಕೂತಳು. “ಚಿಕ್ಕಮ್ಮ, ಇಸ್ತ್ರಿ ಪೆಟ್ಟಿಗೆ ಬೇಯುವುದು ಹೇಗೆ?”

“ಪಕ್ಕದ ಪದ ನೋಡು.”

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬರೆದಳು: ‘ದರ್ಜಿಯ ಕಥೆ ಮುಗಿಯಿತು.’